ಸುಂಕದ ಕಟ್ಟೆಯಲ್ಲಿ ಒಂದು ಮೋಟಾರು ಕಾರು

ವಿದ್ಯಾರ್ಥಿಗಳೇ,

ಕಳೆದ ವರ್ಷ ಒಂಬತ್ತನೆಯ ತರಗತಿಯಲ್ಲಿ ಶೇಕಡಾ ಲೆಕ್ಕಗಳನ್ನು ಕಲಿಸುತ್ತಿದ್ದಾಗ ಒಬ್ಬ ಹುಡುಗನು ಎದ್ದು ನಿಂತನು. ಅವನ ತಂದೆಯವರು ಉಡುಪಿಯ ಕಡೆಯವರು. ಹದಿನೆಂಟು ವರ್ಷ ಕೊಲ್ಲಿಯ ನಾಡಿನಲ್ಲಿ ದುಡಿದು, ಇನ್ನು ಸಾಕೆಂದು ಊರಿಗೆ ಮರಳುವ ಸಿದ್ಧತೆಯಲ್ಲಿದ್ದರು. “ಸರ್, ಅಪ್ಪ ಅಲ್ಲಿಯ ತಮ್ಮ ಕಾರನ್ನು ಹಡಗಿನಲ್ಲಿ ತರಬೇಕೆಂದಿದ್ದಾರೆ. ಎಷ್ಟು ಖರ್ಚಾದೀತು?” ಎಂಬುದು ಅವನ ಪ್ರಶ್ನೆ. ವಿಚಾರಿಸಿದಾಗ ಇನ್ನೊಂದು ಸಂಗತಿ ತಿಳಿಯಿತು. ಮಧ್ಯವರ್ತಿಯೊಬ್ಬನು “ಎಲ್ಲವನ್ನೂ ನಾನು ನೋಡಿಕೊಳ್ಳುತ್ತೇನೆ” ಎಂದು ಹೇಳಿ ಒಂದು ಲಕ್ಷ ರೂಪಾಯಿ ಮುಂಗಡ ಕೇಳಿದ್ದನು. ಕೊಡಲು ಹತ್ತು ದಿನಗಳ ಅವಧಿಯಿತ್ತು.

ನಮಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳಲು ನಾವು ನಾಚಿಕೊಳ್ಳಲಿಲ್ಲ. “ಒಂದು ವಾರ ತಡೆದುಕೊಳ್ಳಲು ತಂದೆಯವರಿಗೆ ಹೇಳು” ಎಂದೆವು. ಆ ವಾರದಲ್ಲಿ ಕಾಯಿದೆಗಳನ್ನು ಓದಿ, ತಿಳಿದವರನ್ನು ಕೇಳಿ ಅರಿತುಕೊಂಡುದನ್ನು ಈ ಲೇಖನದಲ್ಲಿ ನಿಮ್ಮ ಮುಂದಿಡುತ್ತಿದ್ದೇವೆ.

ಹಿಂದಿನ ಕಥೆ

ಮುಂಬಯಿಗೂ ಪರದೇಶದ ಕಾರಿಗೂ ಇರುವ ನಂಟು ಹಳೆಯದು. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯು 1928ರಲ್ಲಿಯೇ ನಮ್ಮ ಶಿವಡಿಯಲ್ಲಿ ಕಾರುಗಳನ್ನು ಜೋಡಿಸುವ ಕಾರ್ಖಾನೆಯನ್ನು ತೆರೆದಿತ್ತು. ಬಿಡಿಭಾಗಗಳು ಹಡಗಿನಲ್ಲಿ ಬರುತ್ತಿದ್ದವು. ಇಲ್ಲಿ ಅವುಗಳನ್ನು ಕೂಡಿಸುತ್ತಿದ್ದರು. ಸ್ವಾತಂತ್ರ್ಯದ ತರುವಾಯ ಸರಕಾರವು, ಬರಿದೆ ಜೋಡಿಸುವುದು ಸಾಲದು, ಇಲ್ಲಿಯೇ ತಯಾರಿಸಬೇಕು ಎಂಬ ನೀತಿಯನ್ನು ಹಿಡಿಯಿತು. ಅದಕ್ಕೆ ಒಪ್ಪದ ಆ ಕಂಪನಿಯು 1954ರಲ್ಲಿ ಬಾಗಿಲು ಮುಚ್ಚಿತು. ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಂಥವು ಉಳಿದವು. ನಿಮ್ಮ ತಂದೆತಾಯಿಗಳು ಕುಳಿತು ತಿರುಗಿದ ಕಪ್ಪು ಹಳದಿ ಟ್ಯಾಕ್ಸಿ ಆ ಕುರ್ಲಾದ ಮಗುವೇ.

ಅನೇಕ ದಶಕಗಳ ಕಾಲ ಸಾಮಾನ್ಯನು ಪರದೇಶದ ಕಾರನ್ನು ತರುವುದು ಬಲು ದುರ್ಲಭವಾಗಿತ್ತು. 2001ರ ಏಪ್ರಿಲ್ 1ರಂದು ಆಮದಿನ ಪ್ರಮಾಣದ ಮೇಲಿದ್ದ ನಿರ್ಬಂಧಗಳು ತೊಲಗಿದವು. ಬಾಗಿಲು ತೆರೆಯಿತು; ಆದರೆ ಸುಂಕ ಮತ್ತು ನಿಬಂಧನೆಗಳ ಹೊಸ್ತಿಲು ಎತ್ತರವಾಗಿಯೇ ಉಳಿಯಿತು. ಆ ಹೊಸ್ತಿಲಿನ ಎತ್ತರವನ್ನು ಅಳೆಯುವುದೇ ಇಂದಿನ ಪಾಠ.

ಕಾಯಿದೆ ಏನು ಹೇಳುತ್ತದೆ?

ನಾವು ಊರು ಬಿಟ್ಟು ಈ ನಗರಕ್ಕೆ ಬಂದಾಗ ಒಂದು ತಗಡಿನ ಪೆಟ್ಟಿಗೆಯನ್ನು ಜೊತೆಗೆ ತಂದೆವು. ಅದು ನಮ್ಮ ಸಾಮಾನು. ಯಾರೂ ಸುಂಕ ಕೇಳಲಿಲ್ಲ. ಪರದೇಶದಿಂದ ಮರಳುವವನೂ ತನ್ನ ಬಟ್ಟೆಬರೆ, ಪಾತ್ರೆಪಡಗಗಳನ್ನು ಪ್ರಯಾಣಿಕನ ಸಾಮಾನೆಂದು ತರಬಹುದು. ಅದಕ್ಕೆ ಕೆಲವು ರಿಯಾಯಿತಿಗಳುಂಟು. ಹದಿನೆಂಟು ವರ್ಷ ದುಡಿದವನು ತನ್ನ ಕಾರನ್ನೂ ಅದೇ ಲೆಕ್ಕದಲ್ಲಿ ಸೇರಿಸಿಕೊಳ್ಳುವುದು ಸಹಜ. ಇಲ್ಲಿಯೇ ಮೊದಲನೆಯ ತಪ್ಪು. 1962ರ ಕಸ್ಟಮ್ಸ್ ಕಾಯಿದೆಯ 2ನೆಯ ಕಲಮು ಪ್ರಯಾಣಿಕನ ಸಾಮಾನು ಎಂಬ ಮಾತಿಗೆ ಅರ್ಥ ಹೇಳುವಾಗಲೇ ಮೋಟಾರು ವಾಹನಗಳು ಅದರಲ್ಲಿ ಸೇರವೆಂದು ಸ್ಪಷ್ಟಪಡಿಸಿದೆ. ಎಷ್ಟು ಪ್ರೀತಿಯಿಂದ ಬಳಸಿದ ಕಾರಾದರೂ ಕಾಯಿದೆಯ ಕಣ್ಣಿಗೆ ಅದು ಆಮದಾದ ಸರಕು. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆ ನಮ್ಮ ಹಿರಿಯರಿಗೆ ಸುಮ್ಮನೆ ಹೊಳೆದುದಲ್ಲ.

ಇನ್ನು ಬಳಸಿದ ಕಾರಿಗೆ ಇರುವ ಮುಖ್ಯ ನಿಬಂಧನೆಗಳನ್ನು ನೋಡೋಣ.

ಮೊದಲನೆಯದು, ಕಾರು ತಯಾರಾಗಿ ಮೂರು ವರ್ಷಕ್ಕಿಂತ ಹೆಚ್ಚಾಗಿರಬಾರದು. ಇಲ್ಲವಾದರೆ ಇತರ ನಾಡುಗಳು ಬೇಡವೆಂದು ಬಿಸುಟ ವಾಹನಗಳ ತಿಪ್ಪೆ ನಮ್ಮ ನಾಡಾದೀತು.

ಎರಡನೆಯದು, ಚುಕ್ಕಾಣಿಯ ಚಕ್ರ ಬಲಗಡೆಗಿರಬೇಕು. ನಾವು ರಸ್ತೆಯ ಎಡಬದಿಯಲ್ಲಿ ಸಾಗುವವರು. ಚಾಲಕನು ಬಲಗಡೆ ಕುಳಿತರೆ ಮಾತ್ರ ಮುಂದಿನ ಲಾರಿಯನ್ನು ದಾಟುವಾಗ ಎದುರಿನ ದಾರಿ ಅವನಿಗೆ ಕಾಣುತ್ತದೆ. ಬ್ರಿಟನ್, ಜಪಾನ್, ಸಿಂಗಪುರ, ಆಸ್ಟ್ರೇಲಿಯಗಳಲ್ಲಿಯೂ ಹೀಗೆಯೇ. ಕೊಲ್ಲಿಯ ನಾಡುಗಳಲ್ಲಿ ಮಾತ್ರ ಜನರು ರಸ್ತೆಯ ಬಲಬದಿಯಲ್ಲಿ ಸಾಗುತ್ತಾರೆ. ಅಲ್ಲಿಯ ಕಾರುಗಳ ಚಕ್ರ ಎಡಗಡೆಗಿರುತ್ತದೆ. ಇಲ್ಲಿಗೆ ತಂದ ಮೇಲೆ ಬದಲಾಯಿಸಿಕೊಳ್ಳೋಣವೆಂದರೆ ನಡೆಯದು. ಬಂದರಿಗೆ ಬರುವಾಗಲೇ ಅದು ಬಲಗಡೆಗಿರಬೇಕು. ಮೇಲಾಗಿ, ತಯಾರಕನು ಮಾಡಿದ ಮೂಲ ರಚನೆಯನ್ನು ಮನಬಂದಂತೆ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಡೆಯುತ್ತದೆ.

ಮೂರನೆಯದು, ವೇಗಮಾಪಕವು ಮೈಲಿಯಲ್ಲಲ್ಲ, ಕಿಲೋಮೀಟರಿನಲ್ಲಿ ತೋರಿಸಬೇಕು. ಮುಂದೀಪಗಳ ಬೆಳಕು ಎಡಬದಿಯ ಸಂಚಾರಕ್ಕೆ ಹೊಂದಿಕೊಂಡಿರಬೇಕು. ಹಾಗಿಲ್ಲದಿದ್ದರೆ ರಾತ್ರಿಯ ಹೊತ್ತು ಎದುರು ಬರುವವನ ಕಣ್ಣು ಕುಕ್ಕುತ್ತದೆ.

ನಾಲ್ಕನೆಯದು, ಹಡಗು ಹತ್ತುವ ಮೊದಲು ಒಂದು ಪರೀಕ್ಷೆ, ಇಲ್ಲಿ ಇಳಿದ ಮೇಲೆ ಇನ್ನೊಂದು ಪರೀಕ್ಷೆ ಆಗಬೇಕು. ಎರಡನೆಯದನ್ನು ಮಾಡುವ ಸಂಸ್ಥೆಗಳಲ್ಲಿ ಪುಣೆಯ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್ ಒಂದು. ಇದಲ್ಲದೆ ಕಾರು ಇನ್ನೂ ಐದು ವರ್ಷ ಓಡಲು ಯೋಗ್ಯವಾಗಿರಬೇಕು. ಆ ಐದು ವರ್ಷ ಅದರ ದುರಸ್ತಿಗೆ ಇಲ್ಲಿ ಅನುಕೂಲವಿರುವುದೆಂಬ ಭರವಸೆಯನ್ನೂ ಕೊಡಬೇಕು.

ಐದನೆಯದು ನಮ್ಮ ನಗರಕ್ಕೆ ಸಂಬಂಧಿಸಿದುದು. ಬಳಸಿದ ವಾಹನವನ್ನು ಮುಂಬಯಿ ಬಂದರಿನ ಮೂಲಕವೇ ತರಬೇಕೆಂದು ನಿಯಮವಿದೆ. ಉಡುಪಿಯವನು ಮನೆಗೆ ಹತ್ತಿರವೆಂದು ಮಂಗಳೂರಿನಲ್ಲಿ ಇಳಿಸಿಕೊಳ್ಳುವಂತಿಲ್ಲ.

ಇಷ್ಟು ಓದಿದಾಗಲೇ ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ದೊರೆತಿತ್ತು. ಅವನ ತಂದೆಯವರ ಕಾರಿಗೆ ಐದು ವರ್ಷವಾಗಿತ್ತು. ಅದರ ಚಕ್ರ ಎಡಗಡೆಗಿತ್ತು. ಎರಡು ನಿಬಂಧನೆಗಳಲ್ಲಿ ಅದು ಮೊದಲೇ ಅನುತ್ತೀರ್ಣವಾಗಿತ್ತು. ಆದರೂ ಹುಡುಗನು ಕೇಳಿದುದು ಖರ್ಚನ್ನು. ಆದುದರಿಂದ ನಿಬಂಧನೆಗಳೆಲ್ಲಕ್ಕೂ ಒಪ್ಪುವ ಇನ್ನೊಂದು ಕಾರನ್ನು ಕಲ್ಪಿಸಿಕೊಂಡು ತರಗತಿಯಲ್ಲಿ ಲೆಕ್ಕ ಮಾಡಿದೆವು.

ಲೆಕ್ಕ

ಜಪಾನಿನಲ್ಲಿ ತಯಾರಾದ ಒಂದು ದೊಡ್ಡ ಕಾರು. ವಯಸ್ಸು ಎರಡು ವರ್ಷ. ಹೊಸದಾಗಿದ್ದಾಗ ಅದರ ಬೆಲೆ 10 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಬಳಸಿದ ಕಾರನ್ನು ಅಲ್ಲಿ ಅಗ್ಗವಾಗಿ ಕೊಂಡೆನೆಂದು ಒಂದು ಚೀಟಿ ತೋರಿಸಿದರೆ ಸುಂಕದ ಅಧಿಕಾರಿಯು ಅದನ್ನು ಒಪ್ಪಿಯೇ ತೀರಬೇಕೆಂದಿಲ್ಲ. ಒಪ್ಪದಿದ್ದಾಗ, ತಯಾರಾದ ವರ್ಷದಲ್ಲಿ ಆ ಕಾರಿಗೆ ಇದ್ದ ಹೊಸ ಬೆಲೆಯನ್ನು ಹಿಡಿದು ಅದರಲ್ಲಿ ಸವಕಳಿಯನ್ನು ಕಳೆಯುತ್ತಾರೆ. ಸವಕಳಿಯ ಪ್ರಮಾಣ ಹೀಗಿದೆ: ಮೊದಲ ವರ್ಷ ಪ್ರತಿ ಮೂರು ತಿಂಗಳಿಗೆ ಶೇಕಡಾ 4, ಎರಡನೆಯ ವರ್ಷ ಶೇಕಡಾ 3, ಮೂರನೆಯ ವರ್ಷ ಶೇಕಡಾ 2.5.

ನಮ್ಮ ಕಾರಿಗೆ ಮೊದಲ ವರ್ಷ 16, ಎರಡನೆಯ ವರ್ಷ 12, ಒಟ್ಟು ಶೇಕಡಾ 28 ಸವಕಳಿ. ಉಳಿದುದು 7,20,000 ರೂಪಾಯಿ. ಇದಕ್ಕೆ ಹಡಗಿನ ಬಾಡಿಗೆ ಮತ್ತು ವಿಮೆ ಸೇರಬೇಕು. ಇವೆರಡೂ ಕೂಡಿ 80,000 ಎಂದರೆ ಸುಂಕ ಹಾಕುವ ಮೌಲ್ಯ 8,00,000 ರೂಪಾಯಿ ಆಯಿತು. ಇಲ್ಲೊಂದು ಎಚ್ಚರಿಕೆಯ ಮಾತು. ಬಾಡಿಗೆಯ ಲೆಕ್ಕವನ್ನು ತೋರಿಸಲಾಗದಿದ್ದರೆ ನಿಯಮದ ಪ್ರಕಾರ ಸರಕಿನ ಬೆಲೆಯ ಶೇಕಡಾ 20ನ್ನು ಬಾಡಿಗೆಯೆಂದೂ, 1.125ನ್ನು ವಿಮೆಯೆಂದೂ ಹಿಡಿಯುತ್ತಾರೆ. ಕಳೆದುಹೋದ ಒಂದು ರಸೀತಿ ಎಷ್ಟು ದುಬಾರಿಯೆಂದು ನೀವೇ ಯೋಚಿಸಿರಿ.

ಈಗ ಸುಂಕ. 2025ಕ್ಕಿಂತ ಮೊದಲು ಬಳಸಿದ ಕಾರಿಗೆ ಮೂಲ ಸುಂಕ ಶೇಕಡಾ 125 ಇತ್ತು. ಆ ಸುಂಕದ ಮೇಲೆ ಹತ್ತನೆಯ ಒಂದು ಪಾಲು ಅಧಿಭಾರವಿತ್ತು. ಎರಡೂ ಸೇರಿ 137.5. 2025ರ ಆಯವ್ಯಯದಲ್ಲಿ ಮೂಲ ಸುಂಕವನ್ನು ಇಳಿಸಿ ಬೇರೊಂದು ಸೆಸ್ಸನ್ನು ಹಾಕಿದರು. ಹೆಸರು ಬದಲಾಯಿತು, ಹೊರೆ ಹಾಗೆಯೇ ಉಳಿಯಿತು. ಆದುದರಿಂದ 8 ಲಕ್ಷಕ್ಕೆ ಸುಂಕ 11 ಲಕ್ಷ. ಕೂಡಿದರೆ 19 ಲಕ್ಷ.

ಮುಗಿಯಿತೆಂದು ತಿಳಿಯಬೇಡಿರಿ. ಇದರ ಮೇಲೆ ಸರಕು ಮತ್ತು ಸೇವಾ ತೆರಿಗೆ ಇದೆ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳಿಗೆ ಅದರ ಪ್ರಮಾಣ ಶೇಕಡಾ 40 ಆಯಿತು. ಅದು ಕಾರಿನ 8 ಲಕ್ಷದ ಮೇಲಲ್ಲ, ಸುಂಕವೂ ಸೇರಿದ 19 ಲಕ್ಷದ ಮೇಲೆ. ಆ ಮೊತ್ತ 7,60,000. ಅಂತೂ 8 ಲಕ್ಷದ ಕಾರು ಬಂದರಿನ ಬಾಗಿಲು ದಾಟುವಾಗ 26,60,000 ರೂಪಾಯಿ ಆಗುತ್ತದೆ. ತೆರಿಗೆಯ ಮೇಲೆ ತೆರಿಗೆ ಬೆಳೆಯುವುದನ್ನು ಗಮನಿಸಿರಿ. ಚಕ್ರಬಡ್ಡಿಯ ಪಾಠದಲ್ಲಿ ಕಂಡುದೇ ಇಲ್ಲಿ ಬೇರೆ ವೇಷದಲ್ಲಿದೆ.

ಹೊಸ ಕಾರಾದರೆ? ಅದರ ಮೌಲ್ಯ 40,000 ಡಾಲರಿಗಿಂತ ಹೆಚ್ಚಾಗಿದ್ದರೆ 2025ರ ಪ್ರಮಾಣದಂತೆ ಸುಂಕ ಮತ್ತು ಸೆಸ್ ಕೂಡಿ ಶೇಕಡಾ 110. 100 ರೂಪಾಯಿ 210 ಆಗಿ, ಅದರ ಮೇಲೆ ಶೇಕಡಾ 40 ಸೇರಿ 294 ಆಗುತ್ತದೆ. ಈ ಪ್ರಮಾಣಗಳು ಆಯವ್ಯಯದಿಂದ ಆಯವ್ಯಯಕ್ಕೆ, ದೇಶದೇಶಗಳ ಒಪ್ಪಂದಗಳಿಗೆ ತಕ್ಕಂತೆ ಮಾರ್ಪಡಬಹುದು. ಲೆಕ್ಕ ಮಾಡುವ ರೀತಿಯನ್ನು ಕಲಿತವನಿಗೆ ಹೊಸ ಅಂಕಿಯನ್ನು ಹಾಕಿ ನೋಡುವುದು ಕಷ್ಟವಲ್ಲ.

ಬಂದರಿನಿಂದ ಮನೆಯವರೆಗೆ

ಹಡಗಿನಿಂದ ಇಳಿದ ಕಾರಿಗಾಗಿ ಬಿಲ್ ಆಫ್ ಎಂಟ್ರಿ ಎಂಬ ಪತ್ರವನ್ನು ಸಲ್ಲಿಸಬೇಕು. ಈ ಕೆಲಸಕ್ಕೆ ಪರವಾನಗಿ ಪಡೆದ ದಲ್ಲಾಳಿಗಳಿದ್ದಾರೆ. ಅವರ ಶುಲ್ಕ ಬೇರೆ. ಕಾಗದಪತ್ರಗಳಲ್ಲಿ ಒಂದು ಕೊರತೆಯಾದರೂ ಕಾರು ಬಂದರಿನಲ್ಲಿಯೇ ನಿಲ್ಲುತ್ತದೆ; ನಿಂತ ದಿನಗಳಿಗೆ ನೆಲಬಾಡಿಗೆ ಏರುತ್ತದೆ. ಇಳಿದ ಮೂವತ್ತು ದಿನಗಳೊಳಗೆ ಬಿಡಿಸಿಕೊಳ್ಳದ ಸರಕನ್ನು ನೋಟೀಸು ಕೊಟ್ಟು ಮಾರಬಹುದೆಂದು ಕಸ್ಟಮ್ಸ್ ಕಾಯಿದೆಯ 48ನೆಯ ಕಲಮು ಹೇಳುತ್ತದೆ. ಬಿಡಿಸಿಕೊಂಡ ಮೇಲೂ ಪರೀಕ್ಷೆಯ ಶುಲ್ಕ, ನೋಂದಣಿ, ರಾಜ್ಯದ ರಸ್ತೆ ತೆರಿಗೆ, ವಿಮೆ ಇವೆ. ಆಮೇಲೆ ಒಂದು ದೀಪದ ಗಾಜು ಒಡೆದರೂ ಬಿಡಿಭಾಗಕ್ಕಾಗಿ ಮತ್ತೆ ಕಡಲಾಚೆಗೆ ಮುಖಮಾಡಬೇಕಾದೀತು.

ಅಡ್ಡದಾರಿ

ಹೊಸ್ತಿಲು ಎತ್ತರವಾದಷ್ಟೂ ಅಡ್ಡದಾರಿ ತೋರಿಸುವವರು ಹೆಚ್ಚುತ್ತಾರೆ. ಬೆಲೆಯನ್ನು ಕಡಿಮೆ ಬರೆಯೋಣ, ತಯಾರಾದ ವರ್ಷವನ್ನು ತಿದ್ದೋಣ, ನೆರೆಯ ದೇಶದ ಗಡಿಯಿಂದ ನುಸುಳಿಸೋಣ ಎನ್ನುತ್ತಾರೆ. ಪ್ರವಾಸಿಗಳು ತಮ್ಮ ಕಾರನ್ನು ಸುಂಕವಿಲ್ಲದೆ ತಾತ್ಕಾಲಿಕವಾಗಿ ತರಲು ಕಾರ್ನೆ ಎಂಬ ರಹದಾರಿ ಪುಸ್ತಕವುಂಟು; ಅದರಲ್ಲಿ ತಂದ ಕಾರನ್ನು ಅವಧಿಯೊಳಗೆ ಹಿಂದಕ್ಕೆ ಒಯ್ಯಬೇಕು. ಅದನ್ನು ಇಲ್ಲಿಯೇ ಮಾರಿಬಿಡುವುದೂ ಅಪರಾಧವೇ.

2025ರ ಸೆಪ್ಟೆಂಬರಿನಲ್ಲಿ ಕೇರಳದಲ್ಲಿ ಕಸ್ಟಮ್ಸ್ ಇಲಾಖೆಯು, ಭೂತಾನದ ಮಾರ್ಗವಾಗಿ ಅಕ್ರಮವಾಗಿ ಬಂದವೆಂಬ ಶಂಕೆಯ ಮೇಲೆ ಅನೇಕ ವಾಹನಗಳನ್ನು ವಶಪಡಿಸಿಕೊಂಡಿತು. ಕಾರ್ಯಾಚರಣೆಗೆ ಇಟ್ಟ ಹೆಸರು ‘ನುಮ್ಖೋರ್’; ಭೂತಾನದ ಭಾಷೆಯಲ್ಲಿ ವಾಹನವೆಂದು ಅದರ ಅರ್ಥ. ಇಂಥ ಪ್ರಕರಣಗಳಲ್ಲಿ ತಂದವನು ಹಣ ಎಣಿಸಿಕೊಂಡು ಮರೆಯಾಗಿರುತ್ತಾನೆ. ಅಧಿಕಾರಿ ಬಂದು ನಿಲ್ಲುವುದು ಕೊನೆಗೆ ಕೊಂಡವನ ಅಂಗಳದಲ್ಲಿ. ಕಾರು ಮುಟ್ಟುಗೋಲಾಗುತ್ತದೆ, ಕೊಟ್ಟ ಹಣ ಹಿಂದಿರುಗುವುದಿಲ್ಲ.

ಇಷ್ಟು ಬಿಗಿಯಾದ ಕಾಯಿದೆ ಏತಕ್ಕೆ ಎಂದು ನೀವು ಕೇಳಬಹುದು. ನಮ್ಮ ಕಾರ್ಖಾನೆಗಳ ಕೆಲಸಗಾರರ ಅನ್ನ, ವಿದೇಶಿ ನಾಣ್ಯದ ಉಳಿತಾಯ, ರಸ್ತೆಯ ಸುರಕ್ಷತೆ, ಉಸಿರಾಡುವ ಗಾಳಿ ಇವು ಅದಕ್ಕೆ ಹೇಳುವ ಕಾರಣಗಳು. ಇಷ್ಟು ಹೆಚ್ಚು ಸುಂಕದಿಂದ ಕೊಳ್ಳುವವನಿಗೆ ಆಯ್ಕೆ ಕಡಿಮೆಯಾಗುತ್ತದೆ, ಕಳ್ಳಸಾಗಣೆಗೆ ಆಸೆ ಹುಟ್ಟುತ್ತದೆ ಎಂಬ ವಾದವೂ ಉಂಟು, ಅದನ್ನು ತಳ್ಳಿಹಾಕುವಂತಿಲ್ಲ. ದೊಡ್ಡವರಾದ ಮೇಲೆ ಈ ವಾದದಲ್ಲಿ ನೀವೂ ಪಾಲುಗೊಳ್ಳಿರಿ. ಆದರೆ ಕಾಯಿದೆ ಬದಲಾಗಲಿ ಎಂದು ವಾದಿಸುವುದು ಬೇರೆ, ಬದಲಾಗುವ ಮೊದಲೇ ಅದನ್ನು ಮುರಿಯುವುದು ಬೇರೆ.

ಆ ಹುಡುಗನು ತರಗತಿಯ ಲೆಕ್ಕವನ್ನು ಅಂದವಾಗಿ ಬರೆದು ತಂದೆಯವರಿಗೆ ಕಳುಹಿಸಿದನು. ಅವರು ಮುಂಗಡ ಕೊಡಲಿಲ್ಲ. ಕಾರನ್ನು ಅಲ್ಲಿಯೇ ಮಾರಿ, ಬಂದ ಹಣದೊಡನೆ ಊರಿಗೆ ಮರಳಿದರು. ಶಾಲೆಗೆ ಬಂದಿದ್ದಾಗ ಅವರು ನಮಗೆ ಹೇಳಿದ ಮಾತು ಇಷ್ಟೆ: “ಮಾಸ್ತರರೇ, ಆ ಕಾರಿನಲ್ಲಿಯೇ ನನ್ನ ಮಕ್ಕಳನ್ನು ಊರಿನಲ್ಲಿ ತಿರುಗಾಡಿಸಬೇಕೆಂಬ ಆಸೆಯಿತ್ತು. ಹೋಗಲಿ, ಮಕ್ಕಳು ಇದ್ದಾರಲ್ಲ.” ನಮಗೆ ಆಗ ಹೇಳಲು ಏನೂ ತೋಚಲಿಲ್ಲ.

ವಿದ್ಯಾರ್ಥಿಗಳೇ, ಒಂದು ವಸ್ತುವಿಗೆ ಅಂಗಡಿಯಲ್ಲಿ ಹೇಳುವ ಬೆಲೆಯು ಲೆಕ್ಕದ ಮೊದಲನೆಯ ಸಾಲು ಮಾತ್ರ. ಕೊನೆಯ ಸಾಲಿನವರೆಗೆ ಲೆಕ್ಕ ಮಾಡಿರಿ. ಕಾಯಿದೆಯನ್ನು ಮೊದಲು ಓದಿರಿ, ಹಣವನ್ನು ಆಮೇಲೆ ಕೊಡಿರಿ. ಮನೆಯ ಹಿರಿಯರಿಗೆ ಓದಲು ಬಿಡುವಿಲ್ಲದಿದ್ದರೆ ನೀವೇ ಓದಿ ಹೇಳಿರಿ. ನೀವು ಕಲಿತ ಶೇಕಡಾ ಲೆಕ್ಕ ಪರೀಕ್ಷೆಯ ಕೊಠಡಿಯಲ್ಲಿಯೇ ಮುಗಿಯತಕ್ಕದ್ದಲ್ಲ.

ಅಭ್ಯಾಸ

1. ಒಂದು ದೊಡ್ಡ ಕಾರಿನ ಹೊಸ ಬೆಲೆ 20 ಲಕ್ಷ ರೂಪಾಯಿ. ವಯಸ್ಸು ಒಂದು ವರ್ಷ. ಹಡಗಿನ ಬಾಡಿಗೆ ಮತ್ತು ವಿಮೆ ಕೂಡಿ 1,20,000. ಮೇಲಿನ ಪ್ರಮಾಣಗಳಂತೆ ಬಂದರು ದಾಟುವಾಗ ಅದರ ಒಟ್ಟು ಬೆಲೆ ಎಷ್ಟು? (ಉತ್ತರ: 59,85,000 ರೂಪಾಯಿ.)

2. ಚುಕ್ಕಾಣಿಯ ಚಕ್ರ ಬಲಗಡೆಗಿರಬೇಕೆಂಬ ನಿಬಂಧನೆಯ ಕಾರಣವನ್ನು ಒಂದು ಚಿತ್ರ ಬರೆದು ವಿವರಿಸಿರಿ.

3. ಪ್ರಯಾಣಿಕನ ಸಾಮಾನಿಗೂ ಆಮದಾದ ಸರಕಿಗೂ ಇರುವ ಭೇದವನ್ನು ನಿಮ್ಮ ಮನೆಯವರಿಗೆ ತಿಳಿಯುವಂತೆ ಐದು ವಾಕ್ಯಗಳಲ್ಲಿ ಬರೆಯಿರಿ.