ಬಾರ್ಡರ್ ಎಂದು ಸುಮ್ಮನಿರಬೇಡ

ನೋಡಪ್ಪಾ, ಖಾಲಿ ಹೊಟ್ಟೆಯ ಶುಗರ್ 112 ಬಂದಿದ್ದಕ್ಕೆ ‘ಬಾರ್ಡರ್‌ನಲ್ಲಿದೆ, ಅಷ್ಟೇ’ ಎಂದು ಸಮಾಧಾನ ಮಾಡಿಕೊಂಡಿದ್ದೀಯಂತೆ. 100ರಿಂದ 125ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲು. 126 ಮುಟ್ಟಿ, ಮತ್ತೊಮ್ಮೆ ಮಾಡಿಸಿದಾಗಲೂ ಹಾಗೇ ಬಂದರೆ ಮಧುಮೇಹ. ಹೊಸ್ತಿಲ ಮೇಲೆ ನಿಂತಿರುವಾಗಲೇ ಎರಡು ಮಾತು ಕೇಳು.

ಉಂಡದ್ದು ಸಕ್ಕರೆಯಾಗಿ ರಕ್ತ ಸೇರಿದಾಗ ಮೇದೋಜೀರಕ ಗ್ರಂಥಿ ಇನ್ಸುಲಿನ್ ಸುರಿಸುತ್ತದೆ. ಅದು ಹೇಳಿದಂತೆ ಸ್ನಾಯುಗಳು ಸಕ್ಕರೆಯನ್ನು ಒಳಗೆಳೆದುಕೊಳ್ಳಬೇಕು, ಯಕೃತ್ತು ತಾನು ಸಕ್ಕರೆ ಬಿಡುವುದನ್ನು ತಗ್ಗಿಸಬೇಕು. ಹೊಟ್ಟೆಯೊಳಗೂ ಯಕೃತ್ತಿನಲ್ಲೂ ಕೊಬ್ಬು ಕೂತಾಗ ಸ್ನಾಯುಗಳೂ ಯಕೃತ್ತೂ ಇನ್ಸುಲಿನ್ನಿನ ಮಾತು ಕೇಳುವುದು ಕಡಿಮೆಯಾಗುತ್ತದೆ. ಇದೇ ಇನ್ಸುಲಿನ್ ಪ್ರತಿರೋಧ. ಗ್ರಂಥಿ ಹೆಚ್ಚು ಹೆಚ್ಚು ದುಡಿದು ಸರಿದೂಗಿಸುವುದರಿಂದ ವರ್ಷಗಟ್ಟಲೆ ರಿಪೋರ್ಟು ಸರಿಯಾಗೇ ಬರುತ್ತದೆ. ಅದು ಸೋಲತೊಡಗಿದಾಗ ಶುಗರ್ ಏರುತ್ತದೆ. ರಾತ್ರಿ ಉಪವಾಸವಿದ್ದರೂ ಬೆಳಿಗ್ಗೆ ಶುಗರ್ ಹೆಚ್ಚಿರುವುದು ಯಕೃತ್ತು ಸಕ್ಕರೆ ಬಿಡುತ್ತಲೇ ಇರುವುದರಿಂದ.

‘ನಾನು ದಪ್ಪಗಿಲ್ಲವಲ್ಲ’ ಎನ್ನಬೇಡ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬರುವುದು ನಮ್ಮವರ ಮೈಗುಣ. ಟೇಪು ಹಿಡಿದು ಸೊಂಟ ಅಳೆ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರವಿರಬೇಕು.

ಅನ್ನ ಬಿಟ್ಟು ಮುದ್ದೆ ಹಿಡಿದೆ ಎಂದು ಎರಡೆರಡು ಮುದ್ದೆ ನುಂಗಬೇಡ. ರಾಗಿಯಲ್ಲೂ ಪಿಷ್ಟವೇ ಹೆಚ್ಚು. ಒಂದು ಸಣ್ಣ ಮುದ್ದೆಗೆ ತಟ್ಟೆ ತುಂಬ ಸೊಪ್ಪು, ಕಾಳು, ಪಲ್ಯ ಇರಲಿ. ಬೆಲ್ಲದ ಕಾಫಿಯೂ ಸಕ್ಕರೆಯ ಕಾಫಿಯೇ. ಊಟವಾದ ಮೇಲೆ ಸ್ವಲ್ಪ ಹೊತ್ತು ನಡೆ, ದಿನ ಬಿಟ್ಟು ದಿನ ಬಸ್ಕಿ ಹೊಡೆ. ದುಡಿಯುವ ಸ್ನಾಯು ಇನ್ಸುಲಿನ್ನಿಗೆ ಕಾಯದೆಯೂ ಸಕ್ಕರೆ ಎಳೆದುಕೊಳ್ಳುತ್ತದೆ.

ಇದು ಬರೀ ಹಿತವಚನವಲ್ಲ. ಅಮೆರಿಕದಲ್ಲಿ ನಿನ್ನಂತೆ ಹೊಸ್ತಿಲಲ್ಲಿದ್ದ ಸಾವಿರಾರು ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವಿದೆ. ವಾರಕ್ಕೆ 150 ನಿಮಿಷದ ನಡಿಗೆ, ತೂಕದಲ್ಲಿ ನೂರಕ್ಕೆ 7ರಷ್ಟು ಇಳಿಕೆ, ಇಷ್ಟೇ ಗುರಿ. ಹಾಗೆ ನಡೆದವರಲ್ಲಿ ಮಧುಮೇಹ ಶೇ. 58ರಷ್ಟು ಕಡಿಮೆಯಾಯಿತು. ಚೆನ್ನೈಯಲ್ಲಿ ನಮ್ಮವರ ಮೇಲೆ ನಡೆದ ಅಧ್ಯಯನದಲ್ಲೂ ಇಂಥ ಬದಲಾವಣೆಯಿಂದ ಲಾಭ ಕಂಡಿತು.

ಇಷ್ಟಾದ ಮೇಲೂ ಡಾಕ್ಟರು ಮೆಟ್‌ಫಾರ್ಮಿನ್ ಬರೆದರೆ ನಾಚಿಕೆಪಡದೆ ತೆಗೆದುಕೋ. ಯಾರೋ ಹೇಳಿದ ಹಾಗಲಕಾಯಿ ರಸ ನಂಬಿ ಮಾತ್ರೆ ಬಿಡಬೇಡ. ನಿರ್ಲಕ್ಷಿಸಿದ ಶುಗರ್ ಕಣ್ಣು, ಮೂತ್ರಪಿಂಡ, ಕಾಲಿನ ನರಗಳನ್ನು ಸದ್ದಿಲ್ಲದೆ ಕೆಡಿಸುತ್ತದೆ.

ಮೂರು ತಿಂಗಳು ಬಿಟ್ಟು, ಅಷ್ಟೂ ದಿನದ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸು. ಹೋಗುವಾಗ ನಿನ್ನ ತಮ್ಮನನ್ನೂ ಕರೆದುಕೊಂಡು ಹೋಗು. ಅಪ್ಪನಿಗಿದ್ದ ಕಾಯಿಲೆ ಅವನಿಗೂ ಬರಬಹುದು.