ಕುದಿಸಿದರೆ ಎಲ್ಲಾ ಸರಿಯಾಗ್ತದೆಯೇ?
(ಬದಲಾಗುತ್ತಿರುವ ಹವಾಮಾನ ಮತ್ತು ನಮ್ಮ ಅಡುಗೆಮನೆ)



ಹವಾಮಾನ ಬದಲಾವಣೆ ಅಂದ ಕೂಡಲೇ ಅದು ದೊಡ್ಡವರ ಮಾತು, ನಮಗೇನು ಎಂದು ಸುಮ್ಮನಾಗುತ್ತೇವೆ. ಆದರೆ ಅದು ನಮ್ಮ ಬಾವಿಗೆ, ಮೀನಿನ ಬುಟ್ಟಿಗೆ, ಅಕ್ಕಿ ಡಬ್ಬಕ್ಕೆ ಆಗಲೇ ಬಂದಾಗಿದೆ. 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕಾಳಿ ದಡದ ಊರುಗಳು ಮುಳುಗಿದವು. ಅಂಕೋಲೆಯಲ್ಲಿ ಗಂಗಾವಳಿ ಉಕ್ಕಿತು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ, ಜುಲೈನಲ್ಲಿ ಮತ್ತೆ ನೆರೆ. ಇದಕ್ಕೆಲ್ಲ ಹವಾಮಾನವೊಂದೇ ಕಾರಣವಲ್ಲ. ಆದರೆ ಕಡಲು ಬಿಸಿಯಾದಷ್ಟೂ ಗಾಳಿ ಹೆಚ್ಚು ತೇವ ಹೊರುತ್ತದೆ, ಮಳೆ ಒಮ್ಮೆಲೇ ಸುರಿಯುತ್ತದೆ.

ಇಂಥ ಹೊತ್ತಿನಲ್ಲಿ ನಾವು ಹೇಳುವ ಮಾತು ಒಂದೇ: "ಚೆನ್ನಾಗಿ ಕುದಿಸಿದ್ರೆ ಆಯ್ತು." ಇದು ಅರ್ಧ ಮಾತ್ರ ನಿಜ.

ನೀರು: ಕುದಿಸಿದರೆ ರೋಗಾಣು ಸಾಯುತ್ತದೆ

ನೆರೆ ನೀರು ಶೌಚಗುಂಡಿ, ಕೊಟ್ಟಿಗೆ ಎಲ್ಲವನ್ನೂ ತೊಳೆದು ಬಾವಿಗೆ ಸೇರುತ್ತದೆ. ವಾಂತಿಭೇದಿ, ಕಾಮಾಲೆ, ಟೈಫಾಯಿಡ್ ಬರುವುದು ಹೀಗೆ. ಕುಡಿಯುವ ನೀರನ್ನು ಕುದಿಬಂದ ಮೇಲೂ ಸ್ವಲ್ಪ ಹೊತ್ತು ಕುದಿಸಿ ಮುಚ್ಚಿಡಬೇಕು.

ಬಾವಿಗೆ ಸಾಮಾನ್ಯವಾಗಿ 1,000 ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಬೇಕು. ಬಾವಿ 2 ಮೀಟರ್ ಅಗಲ, ನೀರು 3 ಮೀಟರ್ ಆಳವಿದ್ದರೆ ಸುಮಾರು 9,400 ಲೀಟರ್ ಆಯ್ತು. ಪುಡಿ ಸುಮಾರು 25 ಗ್ರಾಂ. ಬಕೆಟಿನಲ್ಲಿ ಕಲಸಿ, ತಿಳಿಯನ್ನು ಮಾತ್ರ ರಾತ್ರಿ ಬಾವಿಗೆ ಹಾಕಿ, ಬೆಳಿಗ್ಗೆ ನೀರು ಸೇದಿ. ನೆರೆಯಲ್ಲಿ ಮುಳುಗಿದ ಬಾವಿಗೆ ಇಷ್ಟು ಸಾಲದು. ಮೊದಲು ನೀರು, ಕೆಸರು ತೆಗೆಸಿ, ಆರೋಗ್ಯ ಸಹಾಯಕರನ್ನು ಕೇಳಿ.

ಕೆಸರಲ್ಲಿ ಬರಿಗಾಲಲ್ಲಿ ಇಳಿದರೆ ಇಲಿಜ್ವರದ ಭಯವಿದೆ. ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಮೀನು: ಕುದಿಸಿದರೂ ಹೋಗದ ವಿಷ

ಬಂಗಡೆ, ತಾರ್ಲೆಯನ್ನು ಐಸ್ ಇಲ್ಲದೆ ಸೆಕೆಯಲ್ಲಿ ಇಟ್ಟರೆ ಅದರಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ಮೀನು ನೋಡಲು ಚೆನ್ನಾಗಿಯೇ ಇರಬಹುದು. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ, ಮೈಯೆಲ್ಲಾ ತುರಿಕೆ, ತಲೆನೋವು. ಕುದಿಸಿದರೂ ಹುರಿದರೂ ಅದು ಹೋಗುವುದಿಲ್ಲ. ಸೆಕೆ ಹೆಚ್ಚಿದಷ್ಟೂ ಐಸ್ ಹೆಚ್ಚು ಬೇಕು. ಮಾರುವ ಅಕ್ಕಂದಿರಿಗೆ ಇದು ಖರ್ಚು, ನಿಜ. ಆದರೆ ಒಂದು ಬುಟ್ಟಿ ಕೆಟ್ಟರೆ ಮೀನೂ ಹೋಯ್ತು, ಗಿರಾಕಿಯ ನಂಬಿಕೆಯೂ ಹೋಯ್ತು.

ಬಳಚು (ತಿಸ್ರೆ) ತಾನಿರುವ ನೀರನ್ನೇ ಸೋಸಿ ತಿನ್ನುವ ಜೀವಿ. ಹೊಳೆ ಕೊಳಕಾದರೆ ಅದರ ಹೊಟ್ಟೆಯೂ ಕೊಳಕು. ನೆರೆಯ ದಿನಗಳಲ್ಲಿ ತಿನ್ನುವುದು ಬೇಡ. ಬೇಯಿಸಿದಾಗ ಬಾಯಿ ಬಿಡದ ಬಳಚನ್ನು ಎಸೆಯಿರಿ.

ಬೂಷ್ಟು: ತೊಳೆದರೆ ಸಾಲದು

ಅಕಾಲ ಮಳೆಯಲ್ಲಿ ಶೇಂಗಾ, ಒಣಮೆಣಸು, ಕೊಬ್ಬರಿ ಪೂರ್ತಿ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಕೆಲವು ಬೂಷ್ಟಿನ ವಿಷ ಪಿತ್ತಜನಕಾಂಗವನ್ನೇ ಹಾಳುಮಾಡುತ್ತದೆ. ಒರೆಸಿ, ಹುರಿದು ಬಳಸುವ ಅಭ್ಯಾಸ ನಮ್ಮಲ್ಲಿದೆ. ಬೇಡ. ಹೊಟ್ಟೆ ಉರಿದರೂ ಎಸೆಯಿರಿ.

ತಟ್ಟೆ: ಯಾರದು ಖಾಲಿ?

ಕಡಲು ಬಿಸಿಯಾದ ವರ್ಷಗಳಲ್ಲಿ ತಾರ್ಲೆ ಕಡಿಮೆಯಾಗುವುದನ್ನು ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ತೋರಿಸಿದ್ದಾರೆ. ಬಡವರ ಮೀನೇ ದುಬಾರಿಯಾದರೆ ಮನೆಯಲ್ಲಿ ತುಂಡು ಯಾರಿಗೆ, ಬರೀ ಸಾರು ಯಾರಿಗೆ? ನಾವೇ ಹೇಳಬೇಕಾಗಿಲ್ಲ. ಮೀನಿಲ್ಲದ ದಿನ ಮೊಟ್ಟೆ, ಹೆಸರುಕಾಳು, ನುಗ್ಗೆಸೊಪ್ಪು ಇರಲಿ. ಸೊಪ್ಪಿನ ಜೊತೆ ನಿಂಬೆರಸ ಹಿಂಡಿದರೆ ಕಬ್ಬಿಣಾಂಶ ಮೈಗೆ ಹತ್ತುತ್ತದೆ. ಬಸುರಿ, ಬಾಣಂತಿಯರು ಅಂಗನವಾಡಿಯ ಮಾತೃಪೂರ್ಣ ಊಟವನ್ನು ನಾಚಿಕೆಯಿಂದ ಬಿಡಬಾರದು.

ನೆನಪಿರಲಿ: ಭೇದಿಯಾದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಸಪಾಟು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಮಗುವಿಗೆ ಎದೆಹಾಲು ನಿಲ್ಲಿಸಬೇಡಿ.

ಸಂಘದ ಸಭೆಯಲ್ಲಿ ಚರ್ಚಿಸೋಣ

1. ನಮ್ಮ ಓಣಿಯಲ್ಲಿ ನೆರೆಗೆ ಮುಳುಗುವ ಬಾವಿಗಳು ಎಷ್ಟು? ಮಳೆಗಾಲಕ್ಕೆ ಮೊದಲು ಅವುಗಳ ಕಟ್ಟೆ ಎತ್ತರಿಸಲು ಪಂಚಾಯತಿಗೆ ಅರ್ಜಿ ಕೊಟ್ಟಿದ್ದೇವೆಯೇ?
2. ಮೀನು ಮಾರುವ ಸದಸ್ಯೆಯರಿಗೆ ಐಸ್ ಪೆಟ್ಟಿಗೆ ಕೊಳ್ಳಲು ಸಂಘದಿಂದ ಸಾಲ ಕೊಡಬಹುದೇ?
3. ಕಳೆದ ವಾರ ನಮ್ಮ ನಮ್ಮ ತಟ್ಟೆಯಲ್ಲಿ ಮೀನು, ಮೊಟ್ಟೆ, ಕಾಳು ಎಷ್ಟು ದಿನ ಇತ್ತು? ಮುಚ್ಚುಮರೆಯಿಲ್ಲದೆ ಹೇಳೋಣ.

ಮಳೆ ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ. ಬಾವಿಯೂ ಬುಟ್ಟಿಯೂ ತಟ್ಟೆಯೂ ನಮ್ಮ ಕೈಯಲ್ಲೇ ಇವೆ.