ಕೀಲಿಕೈ ಯಾರ ಹತ್ತಿರ ಇದೆ?



ಬಸವನ ಬಾಗೇವಾಡಿ ತಾಲ್ಲೂಕಿನ ಮನಗೂಳಿಯ ಹೆಸರು 2025ರಲ್ಲಿ ನಾಡಿನ ಪತ್ರಿಕೆಗಳಲ್ಲೆಲ್ಲ ಬಂದಿತು. ಅಲ್ಲಿಯ ಕೆನರಾ ಬ್ಯಾಂಕ್ ಶಾಖೆಯಲ್ಲಿ ಜನರು ಅಡವಿಟ್ಟಿದ್ದ ಸುಮಾರು 59 ಕಿಲೊ ಚಿನ್ನ ಕಳುವಾಗಿತ್ತು. ಮುಂದೆ ಬಂಧಿತರಾದವರಲ್ಲಿ ಅದೇ ಶಾಖೆಯಲ್ಲಿ ಹಿಂದೆ ವ್ಯವಸ್ಥಾಪಕರಾಗಿದ್ದವರೂ ಇದ್ದರು. ಕೀಲಿಗಳ ನಕಲು ಮಾಡಿಸಿ ಈ ಕಳವು ನಡೆಯಿತೆಂದು ಪೊಲೀಸರು ಹೇಳಿದರು. ತಿಜೋರಿ ಎಷ್ಟು ಗಟ್ಟಿಯಿದ್ದರೇನು, ಕೀಲಿ ಬೇರೆಯವರ ಕೈ ಸೇರಿದರೆ ಮುಗಿಯಿತು.

ಇದೇ ಮಾತು ಈಗ ಇನ್ನೊಂದು ತಿಜೋರಿಗೂ ಅನ್ವಯಿಸುತ್ತದೆ. ಇಂಡಿಯ ಲಿಂಬೆ ಬೆಳೆಗಾರರ ಮಗ, ಸಿಂದಗಿಯ ಅಂಗಡಿಕಾರ, ಮುದ್ದೇಬಿಹಾಳದಿಂದ ಪುಣೆಗೋ ಬೆಂಗಳೂರಿಗೋ ದುಡಿಯಲು ಹೋದ ಹುಡುಗ, ಇವರಲ್ಲಿ ಯಾರ ಮೊಬೈಲಿನಲ್ಲಾದರೂ ಅದು ಇರಬಹುದು. ಅದರ ಹೆಸರು ಕ್ರಿಪ್ಟೊ ಎಕ್ಸ್‌ಚೇಂಜ್.

ಎಕ್ಸ್‌ಚೇಂಜ್ ಎಂದರೇನು?

ಬಿಟ್‌ಕಾಯಿನ್ ಮೊದಲಾದ ಡಿಜಿಟಲ್ ನಾಣ್ಯಗಳನ್ನು ಕೊಳ್ಳುವ, ಮಾರುವ ಅಂಗಡಿಯೇ ಎಕ್ಸ್‌ಚೇಂಜ್. ನಮ್ಮ ಅಡತಿ ಅಂಗಡಿಯನ್ನು ನೆನೆಯಿರಿ. ಒಳ್ಳೆಯ ದರ ಬರಲೆಂದು ರೈತನು ತೊಗರಿಯನ್ನು ಅಡತಿಯವರ ಗೋದಾಮಿನಲ್ಲಿ ಬಿಟ್ಟು ಬರುತ್ತಾನೆ. ಪುಸ್ತಕದಲ್ಲಿ ಹೆಸರು ರೈತನದು, ಗೋದಾಮಿನ ಕೀಲಿ ಅಡತಿಯವರದು. ಎಕ್ಸ್‌ಚೇಂಜಿನಲ್ಲಿಯೂ ಹಾಗೆಯೇ. ಮೊಬೈಲಿನಲ್ಲಿ ಕಾಣುವ ಅಂಕಿ ನಿಮ್ಮ ಹೆಸರಿನ ಚೀಟಿ ಮಾತ್ರ. ನಾಣ್ಯದ ಕೀಲಿ ಕಂಪನಿಯ ಹತ್ತಿರ ಇರುತ್ತದೆ.

ಬ್ಯಾಂಕಿಗೂ ಇದಕ್ಕೂ ಏನು ಭೇದ ಎಂದು ಕೇಳಬಹುದು. ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕಿನ ಕಣ್ಣಿದೆ. ಬ್ಯಾಂಕು ಮುಳುಗಿದರೆ ಠೇವಣಿಗೆ ವಿಮೆಯಿದೆ. 2020ರಲ್ಲಿ ಅದರ ಮಿತಿಯನ್ನು 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಕ್ರಿಪ್ಟೊಗೆ ಅಂಥ ವಿಮೆ ಇಲ್ಲ. ವಿಶ್ವಾಸವು ಒಳ್ಳೆಯ ಗುಣ. ಆದರೆ ಉತ್ತರ ಹೇಳುವವರು ಯಾರೆಂದು ವಿಚಾರಿಸದೆ ಇಡುವ ವಿಶ್ವಾಸ ಬರೀ ಅಜಾಗರೂಕತೆ.

ಮೂರು ಘಟನೆಗಳು

ನಮ್ಮ ರಾಜ್ಯದ ತುಮಕೂರಿನ ಯುನೊಕಾಯಿನ್ ಕಂಪನಿಯಿಂದ 2017ರಲ್ಲಿ 60ಕ್ಕೂ ಹೆಚ್ಚು ಬಿಟ್‌ಕಾಯಿನ್‌ಗಳು ಕಳುವಾದವು. ಆಗ ಅವುಗಳ ಬೆಲೆ ಒಂದು ಕೋಟಿ ರೂಪಾಯಿಗೆ ಮೇಲ್ಪಟ್ಟಿತ್ತು.

2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜಿನಿಂದ 23 ಕೋಟಿ ಡಾಲರಿನಷ್ಟು ನಾಣ್ಯಗಳು ಹೋದವು. ಗ್ರಾಹಕರ ಒಟ್ಟು ನಾಣ್ಯಗಳಲ್ಲಿ ಅದು ಹೆಚ್ಚುಕಡಿಮೆ ಅರ್ಧ. ಉಳಿದ ನಾಣ್ಯಗಳೂ ಒಂದು ವರ್ಷಕ್ಕೂ ಹೆಚ್ಚು ಕಾಲ ಕೈಗೆ ಸಿಗಲಿಲ್ಲ. ವ್ಯಾಜ್ಯ ಸಿಂಗಪುರದ ನ್ಯಾಯಾಲಯದಲ್ಲಿ ನಡೆಯಿತು. 2025ರ ಅಕ್ಟೋಬರಿನಲ್ಲಷ್ಟೇ ವ್ಯವಹಾರ ಮತ್ತೆ ಆರಂಭವಾಯಿತು. ಮಗಳ ಮದುವೆಗೆಂದು ಅಲ್ಲಿ ಹಣ ಇಟ್ಟವರ ಪಾಡನ್ನು ಊಹಿಸಿರಿ.

2025ರ ಜುಲೈ 19ರಂದು ಕಾಯಿನ್‌ಡಿಸಿಎಕ್ಸ್ 4 ಕೋಟಿ 40 ಲಕ್ಷ ಡಾಲರ್ ಕಳೆದುಕೊಂಡಿತು. ನೌಕರನೊಬ್ಬನ ಲ್ಯಾಪ್‌ಟಾಪ್ ಮೂಲಕ ಕಳ್ಳರು ನುಸುಳಿದರೆಂಬ ದಿಕ್ಕಿನಲ್ಲಿ ಬೆಂಗಳೂರಿನ ಪೊಲೀಸರು ತನಿಖೆ ನಡೆಸಿದರು. ಗ್ರಾಹಕರ ಹಣಕ್ಕೆ ಧಕ್ಕೆಯಿಲ್ಲ, ನಷ್ಟ ತನ್ನದೇ ಎಂದು ಕಂಪನಿ ಹೇಳಿತು. ಎಲ್ಲ ಕಂಪನಿಗಳೂ ಹಾಗೆ ಹೇಳುವ ಶಕ್ತಿ ಉಳ್ಳವಲ್ಲ.

ನಾವು ಮಾಡಬೇಕಾದುದೇನು?

ಒಂದು: ಎಫ್‌ಐಯು ಎಂದು ಕರೆಯುವ ಕೇಂದ್ರ ಸರಕಾರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿದ ಎಕ್ಸ್‌ಚೇಂಜನ್ನೇ ಬಳಸಿರಿ. 2023ರ ಮಾರ್ಚ್‌ನಿಂದ ಈ ವ್ಯವಹಾರ ಅಕ್ರಮ ಹಣ ತಡೆ ಕಾನೂನಿನ ಕೆಳಗೆ ಬಂದಿದೆ. ಆದರೆ ನೋಂದಣಿ ಎಂದರೆ ನಿಮ್ಮ ಹಣಕ್ಕೆ ಜಾಮೀನು ಎಂದು ತಿಳಿಯಬೇಡಿರಿ.

ಎರಡು: ವಾಟ್ಸ್‌ಆ್ಯಪ್, ಟೆಲಿಗ್ರಾಮ್ ಗುಂಪಿನಲ್ಲಿ ಬಂದ ಲಿಂಕ್ ಒತ್ತಿ ಆ್ಯಪ್ ಇಳಿಸಿಕೊಳ್ಳಬೇಡಿರಿ. ನಕಲಿ ಆ್ಯಪ್ ದಿನವೂ ಲಾಭ ತೋರಿಸುತ್ತದೆ. ನಂಬಿಕೆ ಹುಟ್ಟಿಸಲು ಮೊದಲು ಒಂದೆರಡು ಸಾವಿರ ಹಿಂತಿರುಗಿಸುತ್ತದೆ ಕೂಡ. ದೊಡ್ಡ ಮೊತ್ತ ಕೇಳಿದಾಗ, "ಮೊದಲು ತೆರಿಗೆ ಕಟ್ಟಿರಿ" ಎನ್ನುತ್ತದೆ. ಅಲ್ಲಿಗೇ ನಿಲ್ಲಿಸಿರಿ. ಹೋದ ಹಣ ತರಲು ಇನ್ನಷ್ಟು ಹಣ ಕಳಿಸಬೇಡಿರಿ.

ಮೂರು: ಎಕ್ಸ್‌ಚೇಂಜಿಗೂ ಇಮೇಲಿಗೂ ಬೇರೆ ಬೇರೆ ಪಾಸ್‌ವರ್ಡ್ ಇರಲಿ. ಪಾಸ್‌ವರ್ಡ್ ಜೊತೆಗೆ ಎರಡನೆಯ ಬೀಗವಾಗಿ ಅಥೆಂಟಿಕೇಟರ್ ಆ್ಯಪ್ ಬಳಸಿರಿ. ನಿಮ್ಮ ಸಿಮ್‌ನ ನಕಲು ಪಡೆದವರಿಗೆ ಎಸ್‌ಎಂಎಸ್‌ನಲ್ಲಿ ಬರುವ ಓಟಿಪಿ ಸಿಕ್ಕಿಬಿಡುತ್ತದೆ. "ಕಂಪನಿಯಿಂದ ಮಾತನಾಡುತ್ತಿದ್ದೇನೆ" ಎಂದವರಿಗೆ ಓಟಿಪಿ ಹೇಳಬೇಡಿರಿ, ಮೊಬೈಲಿನ ಪರದೆ ತೋರಿಸಬೇಡಿರಿ.

ನಾಲ್ಕು: ದೊಡ್ಡ ಮೊತ್ತವನ್ನು ಎಕ್ಸ್‌ಚೇಂಜಿನಲ್ಲಿ ಬಹುಕಾಲ ಬಿಡಬೇಡಿರಿ. ಕೀಲಿ ನಿಮ್ಮ ಕೈಯಲ್ಲೇ ಇರುವ ವಾಲೆಟ್‌ಗಳಿವೆ. ಅವುಗಳ ಕೀಲಿ ಎಂದರೆ ಸಾಮಾನ್ಯವಾಗಿ 12 ಅಥವಾ 24 ಪದಗಳ ಒಂದು ಸಾಲು. ಅದನ್ನು ಕಾಗದದ ಮೇಲೆ ಬರೆದು ಭದ್ರವಾಗಿಡಿರಿ. ಫೋಟೊ ತೆಗೆಯಬೇಡಿರಿ, ಯಾರಿಗೂ ಕಳಿಸಬೇಡಿರಿ. ಕಳೆದುಹೋದರೆ ಮತ್ತೆ ಮಾಡಿಕೊಡುವ ಕಚೇರಿ ಯಾವುದೂ ಇಲ್ಲ. ನಾಣ್ಯ ಕಳಿಸುವಾಗ ಮೊದಲು ಸ್ವಲ್ಪ ಕಳಿಸಿ ನೋಡಿರಿ. ತಪ್ಪು ವಿಳಾಸಕ್ಕೆ ಹೋದದ್ದು ಹಿಂದೆ ಬರುವುದಿಲ್ಲ.

ಐದು: ಅಪರಿಚಿತರಿಗೆ ನೇರವಾಗಿ ನಾಣ್ಯ ಮಾರಬೇಡಿರಿ. ಅವರು ಹಾಕುವ ರೂಪಾಯಿ ಇನ್ನಾರಿಗೋ ಮೋಸ ಮಾಡಿ ತಂದದ್ದಾಗಿದ್ದರೆ ನಿಮ್ಮ ಬ್ಯಾಂಕ್ ಖಾತೆ ಸ್ಥಗಿತವಾಗಬಹುದು. ಕಮಿಷನ್ ಆಸೆಗೆ ಪಾಸ್‌ಬುಕ್, ಎಟಿಎಂ ಕಾರ್ಡ್ ಕೊಡುವ ಹುಡುಗರು ಪೊಲೀಸ್ ಠಾಣೆ ಹತ್ತಬೇಕಾಗುತ್ತದೆ.

ಆರು: 2022ರ ಏಪ್ರಿಲ್‌ನಿಂದ ಕ್ರಿಪ್ಟೊ ಲಾಭಕ್ಕೆ ಶೇಕಡಾ 30ರ ತೆರಿಗೆಯಿದೆ. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಬರುವುದಿಲ್ಲ. ಲೆಕ್ಕ ಬರೆದಿಡಿರಿ.

ಮನೆಯವರಿಗೆ ಗೊತ್ತಿರಲಿ

ಮೋಸಗಾರರ ಮೊದಲ ಬುದ್ಧಿಮಾತು ಒಂದೇ: "ಮನೆಯಲ್ಲಿ ಈಗಲೇ ಹೇಳಬೇಡ." ಹೆಂಡತಿಗೆ ಹೇಳಿದ್ದರೆ, ಅಣ್ಣನನ್ನು ಕೇಳಿದ್ದರೆ, ಎಷ್ಟೋ ಹಣ ಉಳಿಯುತ್ತಿತ್ತು. ಹೊಲದ ಹಣ, ಸಂಘದ ಸಾಲ, ಮಕ್ಕಳ ಫೀಸು ಇವು ಒಬ್ಬರ ಸ್ವತ್ತಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಿರಿ. ಪೂರ್ತಿ ಹೋದರೂ ಮನೆಯ ಒಲೆ ಆರದಷ್ಟು ಹಣವನ್ನು ಮಾತ್ರ ಇಂಥಲ್ಲಿ ಹಾಕಬಹುದು. ಯಜಮಾನ ತೀರಿಕೊಂಡರೆ ಖಾತೆ ಎಲ್ಲಿದೆ, ಆ ಕಾಗದ ಎಲ್ಲಿದೆ ಎಂಬುದು ಒಬ್ಬರಿಗಾದರೂ ಗೊತ್ತಿರಬೇಕು.

ಮೋಸವಾಗಿದ್ದರೆ ನಾಚಿಕೆಯಿಂದ ಮುಚ್ಚಿಡಬೇಡಿರಿ. ಕೂಡಲೇ 1930ಕ್ಕೆ ಫೋನ್ ಮಾಡಿರಿ. ತಡವಾದಷ್ಟೂ ಹಣ ಕೈಯಿಂದ ಕೈಗೆ ದಾಟುತ್ತದೆ. ಬ್ಯಾಂಕಿಗೆ ತಿಳಿಸಿರಿ, ಠಾಣೆಯಲ್ಲಿ ದೂರು ಕೊಡಿರಿ, ಸಂದೇಶಗಳನ್ನು ಅಳಿಸದೆ ಇಡಿರಿ. ಮನೆಯ ಹಿರಿಯರೇ, ತಪ್ಪಿ ಬಂದ ಮಗನನ್ನು ಆ ಗಳಿಗೆಯಲ್ಲಿ ಬೈಯಬೇಡಿರಿ. ಹಣ ಹೋದರೆ ದುಡಿಯಬಹುದು. ಅಂಜಿ ಪ್ರಾಣ ಕಳೆದುಕೊಂಡರೆ ಮಗ ತಿರುಗಿ ಬರುವುದಿಲ್ಲ.

ಈ ವಾರ ಮನೆಯಲ್ಲಿ ಮಾತನಾಡಲು

1. ನಮ್ಮ ಮನೆಯಲ್ಲಿ ಯಾರಾದರೂ ಇಂಥ ಆ್ಯಪ್‌ನಲ್ಲಿ ಹಣ ಹಾಕಿದ್ದಾರೆಯೇ?
2. ಆ ಹಣ ಯಾರದು, ಅದರ ಕೀಲಿ ಯಾರ ಹತ್ತಿರ ಇದೆ?
3. ಅದು ನಾಳೆ ಬೆಳಿಗ್ಗೆ ಇಲ್ಲವಾದರೆ ನಮ್ಮ ಸಂಸಾರ ನಡೆಯುತ್ತದೆಯೇ?